ಕೌಂಟರ್ ಸ್ಟ್ರೈಕ್: ಆಟದೊಳಗೆ ಉಳಿತಾಯ, ಅಂಗಡಿಯಲ್ಲಿ ಖರ್ಚು



“ಸಿಸ್ಟರ್, ಮಗ ಕಂಪ್ಯೂಟರಿನಲ್ಲಿ ಬರೀ ಗುಂಡು ಹೊಡೆಯುವ ಆಟ ಆಡ್ತಾನೆ. ಅದು ಒಳ್ಳೆಯದೋ ಕೆಟ್ಟದ್ದೋ?” ಸಂಘದ ಸಭೆಗಳಲ್ಲಿ ಈ ಪ್ರಶ್ನೆ ಈಗ ಮತ್ತೆ ಮತ್ತೆ ಬರುತ್ತದೆ. ಓದಲಿಕ್ಕೆ ಬೇಕು ಅಂತ ಸಂಘದಿಂದ ಸಾಲ ತೆಗೆದು ಕಂಪ್ಯೂಟರ್ ಕೊಡಿಸಿದ ತಾಯಂದಿರಿಗೆ ಈ ಚಿಂತೆ ಇನ್ನೂ ಹೆಚ್ಚು. ಆಟ ಎಂಥದ್ದು ಅಂತ ತಿಳಿಯದೆ ಬೈದರೆ “ಅಮ್ಮನಿಗೆ ಏನೂ ಗೊತ್ತಿಲ್ಲ” ಅಂತ ಮಕ್ಕಳು ಬಾಗಿಲು ಹಾಕಿಕೊಳ್ಳುತ್ತಾರೆ. ಅದಕ್ಕೇ ಈ ಬಾರಿ ಇಂಥ ಆಟಗಳಲ್ಲಿ ಬಹಳ ಹೆಸರಾದ ಕೌಂಟರ್ ಸ್ಟ್ರೈಕ್‌ನ ಗುಣ ಮತ್ತು ದೋಷ ಎರಡನ್ನೂ ಬಿಡಿಸಿ ನೋಡೋಣ.

ಈ ಆಟವನ್ನು 1999ರಲ್ಲಿ ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಯುವಕರು ಇನ್ನೊಂದು ಆಟವನ್ನು ಮಾರ್ಪಡಿಸಿ ತಯಾರಿಸಿದರು. ಮರುವರ್ಷ ಅಮೆರಿಕದ ವಾಲ್ವ್ ಕಂಪನಿ ಅದನ್ನು ತನ್ನದಾಗಿಸಿಕೊಂಡಿತು. ನಮ್ಮ ಪೇಟೆಗಳ ಸೈಬರ್ ಕೆಫೆಗಳಲ್ಲಿ ಹುಡುಗರು ಗಂಟೆಗೆ ಇಷ್ಟು ಅಂತ ಕೊಟ್ಟು ಸಾಲಾಗಿ ಕುಳಿತು ಆಡುತ್ತಿದ್ದದ್ದು ಇದನ್ನೇ. ಈಗಿರುವುದು 2023ರಲ್ಲಿ ಬಂದ ಕೌಂಟರ್ ಸ್ಟ್ರೈಕ್ 2. ಅದೇ ವರ್ಷ ಒಂದೇ ಹೊತ್ತಿಗೆ ಲೋಕದಾದ್ಯಂತ 18 ಲಕ್ಷ ಜನ ಆಟದಲ್ಲಿದ್ದ ದಿನವೂ ಉಂಟು.

ತೆರೆಯ ಮೇಲೆ ಆಡುವವನ ಮುಖ ಕಾಣುವುದಿಲ್ಲ. ಎರಡು ಕೈ, ಒಂದು ಬಂದೂಕು, ಎದುರಿನ ದಾರಿ ಇಷ್ಟೇ. ತನ್ನ ಕಣ್ಣಿನಿಂದಲೇ ನೋಡಿದ ಹಾಗೆ. ಐದು ಜನರ ಎರಡು ತಂಡ. ಒಂದು ತಂಡ ಬಾಂಬ್ ಇಡಲು ಬರುತ್ತದೆ, ಇನ್ನೊಂದು ತಡೆಯುತ್ತದೆ. ಬಾಂಬ್ ಇಟ್ಟ ಮೇಲೆ 40 ಸೆಕೆಂಡಿನಲ್ಲಿ ಸಿಡಿಯುತ್ತದೆ. ಅದನ್ನು ಆರಿಸಲಿಕ್ಕೆ 10 ಸೆಕೆಂಡು ಬೇಕು, ಸಲಕರಣೆ ಕೊಂಡಿದ್ದರೆ 5 ಸಾಕು. ಗುಂಡು ತಗುಲಿದವನು ಆ ಸುತ್ತು ಮುಗಿಯುವ ತನಕ ಸುಮ್ಮನೆ ನೋಡುತ್ತಾ ಕೂರಬೇಕು. 12 ಸುತ್ತು ಆದ ಮೇಲೆ ಪಕ್ಷ ಅದಲು ಬದಲು. ಭಯೋತ್ಪಾದಕನಾಗಿದ್ದವನೇ ಪೊಲೀಸಿನವನಾಗುತ್ತಾನೆ. ಮೊದಲು 13 ಸುತ್ತು ಗೆದ್ದವರಿಗೆ ಜಯ. ಆದ್ದರಿಂದ “ನನ್ನ ಮಗ ಭಯೋತ್ಪಾದಕನ ಪಾತ್ರ ಮಾಡ್ತಾನೆ” ಅಂತ ಹೆದರಿದವರು ಅರ್ಧ ಗಂಟೆ ಕಾದು ನೋಡಿ!

ನನಗೆ ಈ ಆಟದಲ್ಲಿ ಹಿಡಿಸಿದ ಸಂಗತಿ ಬೇರೆ. ಅದರೊಳಗೆ ಒಂದು ಉಳಿತಾಯದ ಲೆಕ್ಕ ಉಂಟು, ಅದು ನಮ್ಮ ಸಂಘದ ಲೆಕ್ಕದ ಹಾಗೆಯೇ. ಆಟ ಶುರುವಾಗುವಾಗ ಪ್ರತಿಯೊಬ್ಬನಿಗೂ 800 ಡಾಲರ್ ಆಟದ ದುಡ್ಡು ಸಿಗುತ್ತದೆ. ಇದು ನಿಜವಾದ ದುಡ್ಡಲ್ಲ, ಆಟ ಮುಗಿದರೆ ಅದೂ ಮುಗಿಯಿತು. ಒಂದು ಒಳ್ಳೆಯ ಬಂದೂಕಿಗೆ 2,700, ಎದೆ ತಲೆ ಕಾಯುವ ಕವಚಕ್ಕೆ 1,000. ಗೆದ್ದ ತಂಡದವರಿಗೆ ತಲಾ 3,250ರ ಆಸುಪಾಸು ಬರುತ್ತದೆ. ಸೋತವರಿಗೆ 1,400. ಆದರೆ ಸೋಲುತ್ತಾ ಹೋದ ಹಾಗೆ ಅದು ಏರಿ 3,400ರ ತನಕ ಹೋಗುತ್ತದೆ, ಬಿದ್ದವರು ಮತ್ತೆ ಏಳಲಿ ಅಂತ. ಈಗ ಕೈಯಲ್ಲಿ 2,000 ಉಂಟು ಅಂತ ಒಬ್ಬ ಅರೆಬರೆ ಬಂದೂಕು ತೆಗೆದುಕೊಂಡರೆ ಆ ಸುತ್ತೂ ಸೋಲು, ಮುಂದಿನ ಸುತ್ತಿಗೂ ದುಡ್ಡಿಲ್ಲ. ಅನುಭವ ಇರುವ ತಂಡ “ಈ ಸುತ್ತು ಯಾರೂ ಖರ್ಚು ಮಾಡುವುದು ಬೇಡ” ಎಂದು ಐದೂ ಜನ ಕೈ ಕಟ್ಟಿ, ಮುಂದಿನ ಸುತ್ತಿನಲ್ಲಿ ಒಟ್ಟಿಗೆ ಕೊಳ್ಳುತ್ತದೆ. ಹಣ ಹೆಚ್ಚಿದ್ದವನು ಇಲ್ಲದವನಿಗೂ ಕೊಂಡು ಕೊಡುತ್ತಾನೆ. ಒಬ್ಬ ಮಾತು ಮೀರಿ ಖರ್ಚು ಮಾಡಿದರೆ ಐದೂ ಜನರಿಗೆ ನಷ್ಟ. ಸಾಲದ ಕಂತು ಕಟ್ಟದ ಒಬ್ಬ ಸದಸ್ಯೆಯಿಂದ ಇಡೀ ಸಂಘಕ್ಕೆ ಬ್ಯಾಂಕಿನಲ್ಲಿ ಕೆಟ್ಟ ಹೆಸರು ಬರುವುದು ನಿಮಗೆ ಗೊತ್ತಲ್ಲ, ಅದೇ.

ಹೀಗೆ ಒಬ್ಬನಿಂದ ಎಲ್ಲರೂ ಕೆಟ್ಟ ನಿಜ ಸಂಗತಿಯೇ ಉಂಟು. 2018ರಲ್ಲಿ ಶಾಂಘೈಯಲ್ಲಿ ನಡೆದ ಪಂದ್ಯದಲ್ಲಿ ಭಾರತದ ತಂಡವೊಂದು ಆಡುತ್ತಿತ್ತು. ಅದರ ಒಬ್ಬ ಆಟಗಾರ ಮೋಸದ ಸಾಫ್ಟ್‌ವೇರ್ ಬಳಸಿ ಸಿಕ್ಕಿಬಿದ್ದ. ತಂಡ ಪಂದ್ಯದಿಂದ ಹೊರಬಿತ್ತು, ಸಂಬಳ ಕೊಡುತ್ತಿದ್ದ ಸಂಸ್ಥೆ ತಂಡವನ್ನೇ ಮುಚ್ಚಿತು. ಉಳಿದ ನಾಲ್ವರು ಏನು ತಪ್ಪು ಮಾಡಿದ್ದರು?

ಗುಣದ ಪಟ್ಟಿಯಲ್ಲಿ ಗಮನಶಕ್ತಿಯನ್ನೂ ಸೇರಿಸಬೇಕು. 2003ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇದೇ ಜಾತಿಯ ಇನ್ನೊಂದು ಗುಂಡಿನ ಆಟವನ್ನು ಕೆಲವರಿಗೆ ಆಡಿಸಿ ನೋಡಿದರು. ಕಣ್ಣಿನಿಂದ ಹಲವು ವಸ್ತುಗಳನ್ನು ಒಟ್ಟಿಗೆ ಗಮನಿಸುವ ಶಕ್ತಿ ಅವರಲ್ಲಿ ಹೆಚ್ಚಿತ್ತು. ಆದರೆ ಮಕ್ಕಳು ಈ ಮಾತನ್ನು ಹಿಡಿದುಕೊಂಡು ಬಂದರೆ ಉಳಿದದ್ದನ್ನೂ ಹೇಳಿ: ಅವರು ಆಡಿದ್ದು ದಿನಕ್ಕೆ ಒಂದೇ ಗಂಟೆ, ಬರೀ 10 ದಿನ.

ಇನ್ನು ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ: ಗುಂಡಿನ ಆಟ ಆಡಿದ ಮಗು ಹಿಂಸೆಗೆ ಇಳಿಯುತ್ತದೆಯೇ? ಹಾಗೆಂದು ಖಚಿತವಾಗಿ ಹೇಳಲಿಕ್ಕೆ ಆಧಾರ ಸಾಲದು. ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ, ಹೊಡೆದಾಟ ಕೊಲೆಯಂಥ ಹಿಂಸೆಗೂ ಇಂಥ ಆಟಗಳಿಗೂ ಸಂಬಂಧ ಕಟ್ಟಲು ಪುರಾವೆ ಸಾಕಷ್ಟಿಲ್ಲ ಎಂದಿತು. ಕೂಗಾಟ, ಸಿಡುಕಿನಂಥ ಸಣ್ಣ ಪ್ರಮಾಣದ ಸಂಬಂಧ ಇದೆ ಅಂತಲೂ ಹೇಳಿತು. ಹಾಗಂತ ಇದು ಎಳೆಯರ ಆಟವಲ್ಲ. ರಕ್ತ ಕಾಣುತ್ತದೆ, ಅಮೆರಿಕದಲ್ಲಿ ಇದಕ್ಕೆ ಕೊಟ್ಟ ಗುರುತು 17 ವರ್ಷ ದಾಟಿದವರಿಗೆ ಅಂತ. ಏಳನೇ ಕ್ಲಾಸಿನ ಹುಡುಗ ಆಡುತ್ತಿದ್ದರೆ ಬೇಡ ಅನ್ನಲಿಕ್ಕೆ ಇಷ್ಟೇ ಕಾರಣ ಸಾಕು.

ನನಗೆ ಗುಂಡಿಗಿಂತ ಹೆಚ್ಚು ಚಿಂತೆ ಕಿವಿಯ ಹೆಡ್‌ಫೋನಿನದ್ದು. ಆಡುವವರು ಒಬ್ಬರಿಗೊಬ್ಬರು ಮಾತಾಡುತ್ತಾರೆ, ಅವರಲ್ಲಿ ಪರಿಚಯವೇ ಇಲ್ಲದ ದೊಡ್ಡವರೂ ಇರಬಹುದು. ಸೋತಾಗ ಬರುವ ಬೈಗುಳ ಕೇಳಲಿಕ್ಕಾಗುವುದಿಲ್ಲ, ಹುಡುಗಿಯ ಸ್ವರ ಕೇಳಿದರಂತೂ ಇನ್ನೂ ಕೆಟ್ಟದು. ಬೈದವನ ಮಾತು ಕೇಳದ ಹಾಗೆ ಮಾಡುವ ಬಟನ್ ಆಟದಲ್ಲೇ ಉಂಟು. ಅದನ್ನು ಒತ್ತಿ ತೋರಿಸು ಅಂತ ಮಗನಿಗೆ ಹೇಳಿ.

ಊಟಕ್ಕೆ ಕರೆದರೆ ಏಕೆ ಏಳುವುದಿಲ್ಲ ಎಂಬುದಕ್ಕೂ ಕಾರಣ ಉಂಟು. ಪಂದ್ಯದ ಮಧ್ಯೆ ಬಿಟ್ಟು ಎದ್ದವನಿಗೆ ಮೊದಲ ಸಲ 30 ನಿಮಿಷ, ಮತ್ತೆ ಮತ್ತೆ ಎದ್ದರೆ 2 ಗಂಟೆ, ಒಂದು ದಿನ, ಏಳು ದಿನದ ತನಕ ಆಟ ಬಂದ್. ಜೊತೆಗೆ ನಾಲ್ವರ ಸಿಟ್ಟು ಬೇರೆ. ಒಂದು ಪಂದ್ಯಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ. ಆದ್ದರಿಂದ ಮಧ್ಯದಲ್ಲಿ ಕರೆಂಟ್ ತೆಗೆದು ಜಗಳ ಮಾಡುವುದಕ್ಕಿಂತ, ಶುರು ಮಾಡುವ ಮೊದಲೇ “ಇವತ್ತು ಒಂದು ಪಂದ್ಯ” ಅಂತ ಮಾತು ತೆಗೆದುಕೊಳ್ಳುವುದು ನಡೆಯುವ ಕೆಲಸ.

ಈಗ ಹಣದ ವಿಷಯ. ಸಹೋದರಿಯರು ಸ್ವಲ್ಪ ನಿಧಾನವಾಗಿ ಓದಿರಿ.

ಆಟ ಉಚಿತ. ಹಾಗಾದರೆ ಕಂಪನಿಗೆ ಆದಾಯ ಎಲ್ಲಿಂದ? 2013ರಿಂದ ಆಟಕ್ಕೆ ಒಂದು ಅಂಗಡಿ ಅಂಟಿಕೊಂಡಿದೆ. ಆಡುವವರಿಗೆ ಬೀಗ ಹಾಕಿದ ಪೆಟ್ಟಿಗೆ ಸಿಗುತ್ತದೆ. ತೆರೆಯಲು ಕೀಲಿ ಕೊಳ್ಳಬೇಕು, ಬೆಲೆ ಎರಡೂವರೆ ಡಾಲರ್, ಅಂದರೆ ಸುಮಾರು 200 ರೂಪಾಯಿ. ಇದು ಆಟದ ದುಡ್ಡಲ್ಲ, ಮನೆಯ ದುಡ್ಡು. ಪೆಟ್ಟಿಗೆಯೊಳಗೆ ಏನಿರುತ್ತದೆ? ಬಂದೂಕಿಗೆ ಹಚ್ಚುವ ಬಣ್ಣ. ಅವರು ಅದಕ್ಕೆ ಸ್ಕಿನ್ ಅನ್ನುತ್ತಾರೆ. ರಿಕ್ಷಾಕ್ಕೆ ಹೊಸ ಸೀಟ್ ಕವರ್ ಹಾಕಿದರೆ ಓಟ ಹೆಚ್ಚುವುದಿಲ್ಲವಲ್ಲ, ಹಾಗೆ ಬಣ್ಣದಿಂದ ಗುರಿ ಸುಧಾರಿಸುವುದಿಲ್ಲ. ಆದರೆ ಅಪರೂಪಕ್ಕೆ ಒಂದು ಚೆಂದದ ಚಾಕು ಅಥವಾ ಕೈಗವಸು ಬರುತ್ತದೆ, ಅದನ್ನು ಸಾವಿರಾರು ರೂಪಾಯಿಗೆ ಮಾರುವವರು ಕೊಳ್ಳುವವರು ಇದ್ದಾರೆ. ಆಸೆ ಹುಟ್ಟುವುದು ಅಲ್ಲಿ.

ಚೀನಾದ ನಿಯಮದಿಂದಾಗಿ 2017ರಲ್ಲಿ ಅಲ್ಲಿ ಈ ಪೆಟ್ಟಿಗೆಗಳ ಲೆಕ್ಕ ಹೊರಗೆ ಬಂತು. 10,000 ಪೆಟ್ಟಿಗೆ ತೆರೆದರೆ 7,992ರಲ್ಲಿ ಎಲ್ಲಕ್ಕಿಂತ ಕೆಳಗಿನ ದರ್ಜೆಯ ಬಣ್ಣ. ಚಾಕು ಅಥವಾ ಕೈಗವಸು ಬರುವುದು 26ರಲ್ಲಿ ಮಾತ್ರ. ಅಂದರೆ 385ಕ್ಕೆ ಒಂದು. ಸಂಘದ ಪುಸ್ತಕ ಬರೆಯುವವರು ಗುಣಿಸಿ ನೋಡಿ: 385 ಕೀಲಿಗೆ 200ರಂತೆ 77,000 ರೂಪಾಯಿ. ವಾರಕ್ಕೆ 50 ರೂಪಾಯಿ ಉಳಿತಾಯ ಮಾಡುವ ಸದಸ್ಯೆಗೆ ಅಷ್ಟು ಕೂಡಿಸಲು 29 ವರ್ಷ ದಾಟುತ್ತದೆ. ಅಷ್ಟು ಸುರಿದರೆ ಸಿಕ್ಕೇ ಸಿಗುತ್ತದೆ ಅಂತಲೂ ಇಲ್ಲ. ನೂರು ಜನ ತಲಾ 385 ಪೆಟ್ಟಿಗೆ ತೆರೆದರೆ ಸುಮಾರು 37 ಜನ ಬರಿಗೈಯಲ್ಲೇ ಏಳುತ್ತಾರೆ. ಹಿಂದಿನ ಪೆಟ್ಟಿಗೆಯಲ್ಲಿ ಬರಲಿಲ್ಲ, ಮುಂದಿನದರಲ್ಲಿ ಬರಬೇಕು ಎಂಬುದು ಸುಳ್ಳು ಲೆಕ್ಕ, ಪ್ರತಿ ಪೆಟ್ಟಿಗೆಯೂ ಹೊಸತೇ.

ಲಾಟರಿ ಅಂಗಡಿಗಳನ್ನು ನೀವು ನೋಡಿದ್ದೀರಿ. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಂತಾಗ ಎಷ್ಟು ಮನೆಗಳಲ್ಲಿ ಹೆಂಗಸರು ನಿಟ್ಟುಸಿರು ಬಿಟ್ಟರು! ಈ ಪೆಟ್ಟಿಗೆ ಅದರ ತಮ್ಮ. ಬೆಲ್ಜಿಯಂ ದೇಶ 2018ರಲ್ಲೇ ಇದನ್ನು ಜೂಜು ಎಂದು ತೀರ್ಮಾನಿಸಿತು, ಅಲ್ಲಿನವರು ಪೆಟ್ಟಿಗೆ ತೆರೆಯುವುದನ್ನು ಕಂಪನಿ ನಿಲ್ಲಿಸಿತು. “ಚಾಕು ಅಂದರೆ ಬಂಗಾರದ ಹಾಗೆ, ಬೆಲೆ ಏರ್ತದೆ ಅಮ್ಮ” ಅಂತ ಹೇಳುವ ಹುಡುಗರೂ ಇದ್ದಾರೆ. 2025ರ ಅಕ್ಟೋಬರಿನಲ್ಲಿ ಕಂಪನಿ ಒಂದು ನಿಯಮ ಬದಲಿಸಿ, ಕೆಳಗಿನ ದರ್ಜೆಯ ಐದು ವಸ್ತು ಕೊಟ್ಟು ಚಾಕು ಪಡೆಯಬಹುದು ಅಂದದ್ದೇ ತಡ, ಚಾಕುಗಳ ಬೆಲೆ ಒಂದೆರಡು ದಿನದಲ್ಲಿ ಕುಸಿದುಹೋಯಿತು. ಬಂಗಾರದ ಬಳೆ ಕಡೇಪಕ್ಷ ಕೈಯಲ್ಲಿರುತ್ತದೆ.

ನೋಡಿ, ಆಟದೊಳಗೆ ಇಲ್ಲದ ದುಡ್ಡನ್ನು ಎಷ್ಟು ಜಾಣತನದಿಂದ ಕೂಡಿಡಬೇಕು ಅಂತ ಕಲಿಸುವ ಅದೇ ಆಟ, ಪಕ್ಕದ ಅಂಗಡಿಯಲ್ಲಿ ಇರುವ ದುಡ್ಡನ್ನು ಎಸೆಯಲು ಕಲಿಸುತ್ತದೆ. ಮಗನ ಹತ್ತಿರ ಮಾತಾಡುವಾಗ ಇದನ್ನೇ ಕೇಳಿ. “ಸುತ್ತು ಸೋತಾಗ ನೀನು ಉಳಿಸುತ್ತಿ, ಪೆಟ್ಟಿಗೆ ಮುಂದೆ ಯಾಕೆ ಉಳಿಸುವುದಿಲ್ಲ?” ಅಂತ. ಆಟ ಗೊತ್ತಿರುವ ಅಮ್ಮನಿಗೆ ಅವನು ಉತ್ತರ ಕೊಡಲೇಬೇಕು. ನಿಮ್ಮ ಮೊಬೈಲಿನ ಪಿನ್ ನಂಬರ್, ಎಟಿಎಂ ಕಾರ್ಡ್ ಅವನ ಕೈಗೆ ಕೊಡಬೇಡಿ. ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಸಣ್ಣ ಸಣ್ಣ ಮೊತ್ತ ಹಲವು ಸಲ ಹೋಗಿದ್ದರೆ ಕೇಳಿ.

ಕೆಲವು ಮಕ್ಕಳಿಗೆ ಆಟ ಬಿಡಲಾಗದ ಕಾಯಿಲೆಯೇ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. ರಜೆಯಲ್ಲಿ ಎರಡು ವಾರ ಹೆಚ್ಚು ಆಡಿದರೆ ಅದಲ್ಲ. ತನ್ನ ಹಿಡಿತ ತಪ್ಪಿ, ಓದು, ಊಟ, ನಿದ್ದೆ, ಗೆಳೆತನ ಎಲ್ಲ ಹಾಳಾದರೂ ಬಿಡಲಾಗದೆ, ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹಾಗೇ ನಡೆದಿದ್ದರೆ ವೈದ್ಯರು ಹಾಗೆ ಗುರುತಿಸುತ್ತಾರೆ. ಸಹಾಯ ಕೇಳಲು ವರ್ಷ ಕಾಯಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ 2014ರಲ್ಲಿ ಇದಕ್ಕಾಗಿಯೇ ‘ಶಟ್’ ಎಂಬ ಕ್ಲಿನಿಕ್ ಶುರುವಾಯಿತು. ಅಷ್ಟು ದೂರ ಹೋಗಲಾಗದವರು ಸರ್ಕಾರದ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಬಹುದು. ಹಗಲು ರಾತ್ರಿ ಯಾವಾಗ ಬೇಕಾದರೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗ ಬರಲು ಒಪ್ಪದಿದ್ದರೆ ಮೊದಲು ನೀವೇ ಮಾತಾಡಿ.