ತಲೆ ನಮ್ದು, ದಂಡ ಯಾಕ್ರಿ?

ಅಕ್ಕಲಕೋಟ: ಇಲ್ಲಿಂದ ಸೊಲ್ಲಾಪುರಕ್ಕೆ ಹೊರಟ ಬೈಕ್ ಸವಾರರನ್ನು ಒಮ್ಮೆ ನೋಡಬೇಕು. ಊರು ಬಿಡುವಾಗ ಹೆಲ್ಮೆಟ್ ಮೊಳಕೈಯಲ್ಲೋ ಪೆಟ್ರೋಲ್ ಟಾಕಿ ಮೇಲೋ ಇರುತ್ತದೆ. ಸೊಲ್ಲಾಪುರ ಹತ್ತಿರ ಬಂದ ಕೂಡಲೇ ತಲೆಗೆ ಏರುತ್ತದೆ. ಸಂಜೆ ಶಹರ ದಾಟಿದ ಮೇಲೆ ಮತ್ತೆ ಕೆಳಗೆ. ನಡುವಿನ ಸುಮಾರು 40 ಕಿ.ಮೀ. ಬರಿದಲೆ. ಪೊಲೀಸರ ಸಲುವಾಗಿ ಹೆಲ್ಮೆಟ್, ತಲೆ ಸಲುವಾಗಿ ಅಲ್ಲ.

ಕೇಳಿದರೆ ಚಹಾದಂಗಡಿಯಲ್ಲಿ ಉತ್ತರ ತಯಾರು. ಬಿದ್ದರೆ ಪೆಟ್ಟು ನಮಗೆ, ಸರಕಾರದ ಗಂಟೇನು ಹೋಗ್ತದ ಅಂತಾರೆ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಹೆಲ್ಮೆಟ್ ಹಾಕಿ ನೋಡಿದವರಿಗೆ ಈ ಮಾತು ಪೂರಾ ಸುಳ್ಳು ಅನ್ನಿಸುವುದಿಲ್ಲ. ತಲೆ ಹಂಚಿನಂತೆ ಕಾಯುತ್ತದೆ, ಬೆವರು ಕಣ್ಣಿಗೆ ಇಳಿಯುತ್ತದೆ.

ಮರಾಠಿ ಪೇಪರುಗಳು ಇದನ್ನು ‘ಹೆಲ್ಮೆಟ್ ಸಕ್ತಿ’ ಎಂದು ಬರೆಯುತ್ತವೆ, ಕನ್ನಡದವು ‘ಕಡ್ಡಾಯ’ ಎನ್ನುತ್ತವೆ. ಸಕ್ತಿ ಎಂದರೆ ಯಾರೋ ಕುತ್ತಿಗೆ ಹಿಡಿದಂತೆ ಕೇಳುತ್ತದೆ. ಪುಣೆಯಲ್ಲಿ 2019ರ ಜನವರಿಯಲ್ಲಿ ಪೊಲೀಸರು ಬಿಗಿ ಮಾಡಿದಾಗ ಇದೇ ಸಕ್ತಿಯ ವಿರುದ್ಧ ಕೃತಿ ಸಮಿತಿಯವರು ಬೀದಿಗೆ ಇಳಿದಿದ್ದರು. ಅದಕ್ಕೂ ಮುಂಚೆ, 2016ರ ಜುಲೈನಲ್ಲಿ, ಆಗಿನ ಸಾರಿಗೆ ಮಂತ್ರಿ ದಿವಾಕರ ರಾವತೆ ಹೆಲ್ಮೆಟ್ ಇಲ್ಲದವರಿಗೆ ಪೆಟ್ರೋಲ್ ಇಲ್ಲ ಎಂದು ಘೋಷಿಸಿದ್ದರು. ಪಂಪಿನವರೇ ಒಪ್ಪಲಿಲ್ಲ. ಮುಂದಿನ ತಿಂಗಳೇ ಸರಕಾರ ಹಿಂದೆ ಸರಿಯಿತು.

ಸ್ವಾತಂತ್ರ್ಯದ ಈ ವಾದ ಕೋರ್ಟಿಗೂ ಹೋಗಿ ಬಂದದ್ದೇ. ಆಂಧ್ರಪ್ರದೇಶದ ಹೆಲ್ಮೆಟ್ ನಿಯಮದ ಬಗ್ಗೆ ಅಜಯ್ ಕಾನು ಎಂಬವರು ಹೂಡಿದ ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಈ ನಿಯಮ ಸವಾರನ ಸುರಕ್ಷತೆಗೆ ಇದೆ, ಇದರಿಂದ ಸಂಚಾರ ಸ್ವಾತಂತ್ರ್ಯಕ್ಕೆ ಧಕ್ಕೆಯಿಲ್ಲ ಎಂಬುದು ಅದರ ಸಾರ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹಿಂದೆ ಕೂತವರಿಗೂ ಅನ್ವಯ. 2019ರ ತಿದ್ದುಪಡಿಯಲ್ಲಿ ದಂಡ 1000 ರೂಪಾಯಿ, ಮೇಲೆ ಮೂರು ತಿಂಗಳು ಲೈಸೆನ್ಸ್ ರದ್ದು. ಕರ್ನಾಟಕ ಅದೇ ವರ್ಷ ಸೆಪ್ಟೆಂಬರಿನಲ್ಲಿ ದಂಡವನ್ನು 500ಕ್ಕೆ ಇಳಿಸಿತು. ಹೀಗಾಗಿ ವಾಗದರಿ ಮೇಲಿಂದ ಆಳಂದಕ್ಕೆ ಹೋಗುವ ನಮ್ಮವರು ಎರಡೂ ಕಡೆಯ ರೇಟು ಬಾಯಿಪಾಠ ಮಾಡಿದ್ದಾರೆ.

ನಮ್ಮ ಕಾಕಾನ ತಕರಾರು ಬೇರೆ. ವಯಸ್ಸು 76, ಸ್ಕೂಟಿ ಹೊಡೆಯುತ್ತಾನೆ, ತಲೆಗೆ ಯಾವಾಗಲೂ ರುಮಾಲು. ಪೇಟ ಕಟ್ಟಿದ ಸಿಖ್ಖರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ ಎಂದು ಯಾರೋ ಹೇಳಿಬಿಟ್ಟಿದ್ದಾರೆ. “ಅವರಿಗೆ ಅದ, ನಮ್ಮ ರುಮಾಲಿಗೆ ಯಾಕಿಲ್ಲೋ?” ಅಂತ ನನ್ನ ಮೇಲೆಯೇ ಏರಿಬಂದ. ಅದು ಅವರ ಧರ್ಮದ ನೇಮ ಕಾಕಾ ಎಂದೆ. “ನಂದು ಅಪ್ಪನ ಕಾಲದ ನೇಮ” ಅಂದ. ಮುಂದೆ ನಾನು ಮಾತಾಡಲಿಲ್ಲ.

ನಾನೂ ಬಹಳ ದಿನ ಕಾಕಾನ ಪಕ್ಷದವನೇ. ಒಂದು ಸಲ ಮೊಬೈಲಿಗೆ ಇ-ಚಲನ್ ಬಂತು, ಫೋಟೋದಲ್ಲಿ ನನ್ನದೇ ಬೋಳು ತಲೆ. ಬೈದುಕೊಂಡೇ ಕಟ್ಟಿದೆ. ಮನಸ್ಸು ಬದಲಾದದ್ದು ಅದರಿಂದ ಅಲ್ಲ.

ಮೂರು ವರ್ಷದ ಹಿಂದೆ, ಕಬ್ಬಿನ ಹಂಗಾಮು. ನಮ್ಮ ಓಣಿಯ ಹುಡುಗ ರಾತ್ರಿ ವಾಗದರಿ ರಸ್ತೆಯಲ್ಲಿ ಬರುತ್ತಿದ್ದ. ಕಬ್ಬು ತುಂಬಿದ ಜೋಡಿ ಟ್ರಾಲಿ ನಿಂತಿತ್ತು. ಹಿಂದೆ ದೀಪವಿಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಹೋಗಿ ಬಡಿದ. ಮೈಮೇಲೆ ದೊಡ್ಡ ಗಾಯವೇ ಇರಲಿಲ್ಲ, ಪೆಟ್ಟು ಬಿದ್ದದ್ದು ತಲೆಗೆ ಮಾತ್ರ. ಹೆಲ್ಮೆಟ್ ಕೈಯಲ್ಲಿ ಸಿಕ್ಕಿಸಿಕೊಂಡೇ ಇತ್ತು, ಒಂದು ಗೀರೂ ಬಿದ್ದಿರಲಿಲ್ಲ. ಈಗ ಅವನ ಹೆಂಡತಿ ಬೀಡಿ ಕಟ್ಟುತ್ತಾಳೆ, ಎರಡು ಮಕ್ಕಳು. ತಲೆ ನಮ್ದು ಅನ್ನುವವರಿಗೆ ನಾನು ಆ ಮನೆ ತೋರಿಸುತ್ತೇನೆ.

ಟ್ರಾಲಿಯವನಿಗೆ ಯಾಕೆ ಯಾರೂ ಕೇಳುವುದಿಲ್ಲ ಎಂಬ ಪ್ರಶ್ನೆಯೂ ನ್ಯಾಯವೇ. ಬರಿದಲೆ ಹುಡುಕುವ ಕ್ಯಾಮೆರಾಕ್ಕೆ ದೀಪವಿಲ್ಲದ ಟ್ರಾಲಿ ಯಾಕೆ ಕಾಣುವುದಿಲ್ಲ? ರಸ್ತೆಯ ತಗ್ಗು, ಕಬ್ಬಿನ ಟ್ರಾಲಿ ಸರಿ ಮಾಡದೆ ಬರೀ ಚಲನ್ ಹರಿದರೆ ಜನ ಅದನ್ನು ವಸೂಲಿ ಎಂದೇ ತಿಳಿಯುತ್ತಾರೆ. ಆದರೆ ಟ್ರಾಲಿ ಸರಿಯಾಗುವ ತನಕ ತಲೆ ಕಾಯಬೇಕಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029 ಜನ. ಅದರಲ್ಲಿ ಹಿಂದೆ ಕೂತವರೇ 14,337. ನಮ್ಮಲ್ಲಿ ಹಿಂದೆ ಕೂತವರು ಎಂದರೆ ಹೆಚ್ಚಾಗಿ ಒಂದು ಬದಿಗೆ ಕಾಲು ಹಾಕಿ ಕೂತ ಅವ್ವ, ಅಕ್ಕ, ಹೆಂಡತಿ. ಮಡಿಲಲ್ಲಿ ಕೂಸು ಬೇರೆ. ಅವರಿಗೆ ಬೇಕೋ ಬೇಡವೋ ಎಂದು ಯಾರೂ ಕೇಳಿಲ್ಲ, ಮನೆಯಲ್ಲಿ ಇರುವುದೇ ಒಂದು ಹೆಲ್ಮೆಟ್.

ಬಿ.ಕಾಂ. ಓದಿದ ಚಟ, ಲೆಕ್ಕ ಹಾಕಿದೆ. ಸಾದಾ ಐಎಸ್‌ಐ ಹೆಲ್ಮೆಟ್ ಒಂದು ಸಾವಿರದ ಆಸುಪಾಸಿಗೆ ಸಿಗುತ್ತದೆ. 2021ರ ಜೂನ್‌ದಿಂದ ಐಎಸ್‌ಐ ಗುರುತಿಲ್ಲದ್ದನ್ನು ಮಾರುವುದೇ ಅಪರಾಧ. ಆದರೂ ರಸ್ತೆ ಬದಿಯಲ್ಲಿ ಬುಟ್ಟಿಯಂಥವು ಸಿಗುತ್ತವೆ. ಅವು ಚಲನ್ ತಪ್ಪಿಸಬಹುದು, ತಲೆ ಉಳಿಸುವುದಿಲ್ಲ. ಗದ್ದದ ಪಟ್ಟಿ ಬಿಗಿಯದಿದ್ದರೆ ಒಳ್ಳೆಯದೂ ಹಾರಿ ಹೋಗುತ್ತದೆ.

ಕಾಕಾನಿಗೆ ನಾನೇ ಒಂದು ತಂದುಕೊಟ್ಟೆ. ರುಮಾಲು ಬಿಚ್ಚಲು ಒಪ್ಪಲಿಲ್ಲ. ಮಹಾರಾಷ್ಟ್ರದಲ್ಲಿ 75 ದಾಟಿದವರಿಗೆ ಎಸ್.ಟಿ. ಪ್ರಯಾಣ 2022ರಿಂದ ಪುಕ್ಕಟೆ. ಈಗ ಸೊಲ್ಲಾಪುರಕ್ಕೆ ಬಸ್ಸಿನಲ್ಲೇ ಹೋಗುತ್ತಾನೆ, ರುಮಾಲು ಸುತ್ತಿಕೊಂಡು, ಕಿಡಕಿ ಬದಿಗೆ ಕೂತು. ಹೆಲ್ಮೆಟ್ ಈಗ ಕಾಕಿ ಹಾಕಿಕೊಳ್ಳುತ್ತಾಳೆ, ನನ್ನ ಹಿಂದೆ ಕೂತಾಗ.