ಮೈಮರೆಸುವ ಮದ್ದಿಗೆ ಮಿಲಿಗ್ರಾಂ ಲೆಕ್ಕ

ಸಿಂಧನೂರಿನ ಮಾರುಕಟ್ಟೆಯಲ್ಲಿ ಭತ್ತವನ್ನು ಕ್ವಿಂಟಲ್ ಲೆಕ್ಕದಲ್ಲಿ ತೂಗುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿಯ ಚಿನ್ನಕ್ಕೆ ಗ್ರಾಂ ಲೆಕ್ಕ. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಇದಕ್ಕಿಂತಲೂ ಸೂಕ್ಷ್ಮವಾದ ತೂಕವೊಂದಿದೆ. ಅದೇ ಮಿಲಿಗ್ರಾಂ. ಮಗುವಿನ ಮುರಿದ ಮೂಳೆ ಕೂಡಿಸಲು, ಬಾವು ಕೊಯ್ಯಲು, ಸುಟ್ಟ ಗಾಯದ ಪಟ್ಟಿ ಬದಲಿಸಲು ಕೊಡುವ ಅರಿವಳಿಕೆ ಚುಚ್ಚುಮದ್ದನ್ನು ಅಳೆಯುವುದು ಈ ಲೆಕ್ಕದಲ್ಲಿಯೇ.

ಸಣ್ಣ ಊರುಗಳ ಆಸ್ಪತ್ರೆಗಳಿಗೆ ಒದಗಿಬರುವ ಇಂಥ ಮದ್ದುಗಳಲ್ಲಿ ಕೆಟಮೈನ್ ಮುಖ್ಯವಾದುದು. 1962ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಕ್ಯಾಲ್ವಿನ್ ಸ್ಟೀವನ್ಸ್ ಇದನ್ನು ತಯಾರಿಸಿದರು. 1964ರಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಕೊಡಲಾಯಿತು. 1970ರಲ್ಲಿ ಅಮೆರಿಕ ಇದರ ಬಳಕೆಗೆ ಒಪ್ಪಿಗೆ ನೀಡಿತು. ನೋವು, ಅರಿವು ಎರಡನ್ನೂ ಇದು ಮರೆಸುತ್ತದೆ. ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಸಾಮಾನ್ಯವಾಗಿ ಉಸಿರಾಟ ನಿಲ್ಲುವುದಿಲ್ಲ, ರಕ್ತದೊತ್ತಡ ಕುಸಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ.

ಒಂದು ಸಣ್ಣ ಲೆಕ್ಕ

ರಕ್ತನಾಳಕ್ಕೆ ಕೊಡುವಾಗ ದೇಹದ ತೂಕದ ಪ್ರತಿ ಕಿಲೋಗೆ 1ರಿಂದ 2 ಮಿಲಿಗ್ರಾಂ ರೂಢಿಯ ಪ್ರಮಾಣ. ಒಂದು ನಿಮಿಷದೊಳಗೆ ಅರಿವು ತಪ್ಪುತ್ತದೆ. ಸ್ನಾಯುವಿಗೆ ಕೊಡುವುದಾದರೆ ಹೆಚ್ಚು ಮದ್ದು ಬೇಕು, ಕೆಲವು ನಿಮಿಷ ಕಾಯಲೂ ಬೇಕು.

ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. 15 ಕಿಲೋ ತೂಕದ ಮಗುವಿಗೆ ಕಿಲೋಗೆ 2 ಮಿಲಿಗ್ರಾಂನಂತೆ 30 ಮಿಲಿಗ್ರಾಂ ಬೇಕು. ಆದರೆ ಕೆಟಮೈನ್ ಒಂದೇ ಸಾಂದ್ರತೆಯಲ್ಲಿ ಬರುವುದಿಲ್ಲ. ಮಿಲಿಲೀಟರಿಗೆ 10 ಮಿಲಿಗ್ರಾಂ ಇರುವ ಸೀಸೆಯಿಂದಾದರೆ 3 ಮಿಲಿಲೀಟರ್ ತೆಗೆಯಬೇಕು. 50 ಮಿಲಿಗ್ರಾಂ ಇರುವ ಸೀಸೆಯಿಂದಾದರೆ 0.6 ಸಾಕು. ಎರಡನೆಯ ಸೀಸೆಯಿಂದ ಮರೆತು 3 ಮಿಲಿಲೀಟರ್ ತೆಗೆದರೆ 150 ಮಿಲಿಗ್ರಾಂ, ಅಂದರೆ ಐದು ಪಟ್ಟು! ಎರಡೂ ನೋಡಲು ನೀರಿನಂತೆಯೇ ಇರುತ್ತವೆ.

1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕ ಎಂಬ ಹೆಸರು ಕಂಡ ಮೇಲೆಯೇ 'ದೇವಾನಾಂಪ್ರಿಯ' ಯಾರೆಂಬ ಸಂದೇಹ ಕಳೆದದ್ದು. ಸಿರಿಂಜಿಗೂ ಅಂಥ ಹೆಸರು ಬೇಕು. ಮದ್ದು ಯಾವುದು, ಮಿಲಿಲೀಟರಿಗೆ ಎಷ್ಟು ಎಂದು ಬರೆದ ಚೀಟಿ ಅಂಟಿಸದ ಸಿರಿಂಜನ್ನು ಬಳಸಬಾರದೆಂಬುದು ಅರಿವಳಿಕೆಯ ಮೊದಲ ಪಾಠಗಳಲ್ಲೊಂದು.

ಹಾಲಿನ ಬಣ್ಣದ ಮದ್ದು

ಪ್ರೊಪೊಫಾಲ್ ಎಂಬ ಇನ್ನೊಂದು ಮದ್ದು ಹಾಲಿನಂತೆ ಬೆಳ್ಳಗಿರುತ್ತದೆ. ಆರೋಗ್ಯವಂತ ವಯಸ್ಕರಿಗೆ ಕಿಲೋಗೆ 1.5ರಿಂದ 2.5 ಮಿಲಿಗ್ರಾಂ, ವೃದ್ಧರಿಗೆ, ನಿತ್ರಾಣಗೊಂಡವರಿಗೆ ಅದಕ್ಕಿಂತ ಕಡಿಮೆ. ಬೇಗ ನಿದ್ದೆ, ಬೇಗ ಎಚ್ಚರ. ಆದರೆ ಉಸಿರಾಟವನ್ನು ಇದು ಸುಲಭವಾಗಿ ತಡೆಯಬಲ್ಲದು, ರಕ್ತದೊತ್ತಡವನ್ನೂ ಇಳಿಸುತ್ತದೆ. ಖ್ಯಾತ ಗಾಯಕ ಮೈಕೆಲ್ ಜಾಕ್ಸನ್ 2009ರಲ್ಲಿ ತೀರಿಕೊಂಡದ್ದು ಮನೆಯಲ್ಲಿ ನಿದ್ದೆಗೆಂದು ಕೊಟ್ಟ ಇದೇ ಮದ್ದಿನಿಂದ. 2011ರಲ್ಲಿ ಅವರ ವೈದ್ಯರು ತಪ್ಪಿತಸ್ಥರೆಂದು ತೀರ್ಪಾಯಿತು.

ಕೆಟಮೈನ್ ಆಗಲಿ, ಪ್ರೊಪೊಫಾಲ್ ಆಗಲಿ, ಕೊಟ್ಟ ಮೇಲೆ ಅದರ ಪರಿಣಾಮವನ್ನು ಅಳಿಸುವ ಪ್ರತಿಮದ್ದು ಬಳಕೆಯಲ್ಲಿಲ್ಲ. ಆದ್ದರಿಂದ ಆಮ್ಲಜನಕ, ಉಸಿರು ಕೊಡುವ ಚೀಲ, ಗಂಟಲಿನ ದ್ರವ ಹೀರುವ ಯಂತ್ರ, ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಪಕ್ಕದಲ್ಲೇ ಇರಬೇಕು. ಕೊಯ್ಯುವ ವೈದ್ಯರಲ್ಲದೆ, ರೋಗಿಯ ಉಸಿರನ್ನಷ್ಟೇ ಗಮನಿಸುವ ತರಬೇತಿ ಪಡೆದ ಇನ್ನೊಬ್ಬರೂ ಬೇಕು.

ತಾಯಿಯ ಕರುಳು, ಖಾಲಿ ಹೊಟ್ಟೆ

"ಏನಾದರೂ ತಿಂದಾನೇನ್ರಿ?" ಎಂದು ಕೇಳಿದಾಗ "ಇಲ್ರೀ ಡಾಕ್ಟರ್" ಎಂಬ ಉತ್ತರ ಬರುತ್ತದೆ. ಆದರೆ ಕೂಸು ಹಸಿದೀತೆಂದು ಅಜ್ಜಿ ಅರ್ಧ ರೊಟ್ಟಿಯನ್ನೋ, ಚಹಾದಲ್ಲಿ ಅದ್ದಿದ ಬಿಸ್ಕತ್ತನ್ನೋ ತಿನ್ನಿಸಿರಬಹುದು. ಅರಿವು ತಪ್ಪಿದಾಗ ಗಂಟಲಿನ ಕಾವಲು ಸಡಿಲವಾಗುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಲಘು ಆಹಾರ ಮತ್ತು ಹಸುವಿನ ಹಾಲಾದರೆ 6 ಗಂಟೆ, ಎದೆಹಾಲಾದರೆ 4 ಗಂಟೆ, ಬರೀ ನೀರಾದರೆ 2 ಗಂಟೆ ಬಿಡುವಿರಬೇಕೆಂಬುದು ರೂಢಿಯ ನಿಯಮ. ತಿಂದಿದ್ದರೆ ಮುಚ್ಚಿಡದೆ ಹೇಳಬೇಕು. ತುರ್ತಿಲ್ಲದಿದ್ದರೆ ಶಸ್ತ್ರಚಿಕಿತ್ಸೆ ಮುಂದೆ ಹೋಗುತ್ತದೆ, ಅಷ್ಟೇ.

ನೆಗಡಿ, ಕೆಮ್ಮು, ಉಬ್ಬಸ, ಮೂರ್ಛೆ, ಹಿಂದೆ ಯಾವುದಾದರೂ ಮದ್ದು ಒಗ್ಗದೆ ಹೋದದ್ದು, ಈಗ ತೆಗೆದುಕೊಳ್ಳುತ್ತಿರುವ ಗುಳಿಗೆ, ಇವೆಲ್ಲವನ್ನೂ ಪಾಲಕರು ತಿಳಿಸಬೇಕು. ಮಗುವಿನ ತೂಕವನ್ನು ಅಂದಾಜಿನಲ್ಲಿ ಹೇಳದೆ ಅಂದೇ ತೂಗಿಸಬೇಕು. ಅರಿವಳಿಕೆ ಯಾರು ಕೊಡುತ್ತಾರೆಂದು ಕೇಳುವುದು ಅವಿನಯವಲ್ಲ, ಅದು ಪಾಲಕರ ಹಕ್ಕು.

ಕೆಟಮೈನ್ ಪಡೆದ ಮಗು ಕಣ್ಣು ತೆರೆದೇ ಇರಬಹುದು, ಕಣ್ಣಾಲಿಗಳು ಅದುರಬಹುದು, ಜೊಲ್ಲು ಸುರಿಯಬಹುದು. ಎಚ್ಚರಾಗುವಾಗ ಬೆದರಿ ಅಳಬಹುದು. ಮೌನವಾಗಿ ಪಕ್ಕದಲ್ಲಿದ್ದರೆ ಬಹುತೇಕ ಮಕ್ಕಳು ಸುಧಾರಿಸಿಕೊಳ್ಳುತ್ತಾರೆ. ದೊಡ್ಡವರಾದರೆ ಒಂದು ದಿನ ಬೈಕು, ಟ್ರ್ಯಾಕ್ಟರ್ ಓಡಿಸಬಾರದು.

ಮೋಜಿಗಲ್ಲ

ನಗರಗಳಲ್ಲಿ ಕೆಲವು ಯುವಕರು ಕೆಟಮೈನನ್ನು ಅಮಲಿಗಾಗಿ ಬಳಸುವುದುಂಟು. ಪದೇ ಪದೇ ಬಳಸಿದರೆ ಮೂತ್ರಕೋಶ ಹಾಳಾಗುತ್ತದೆ. 2011ರಿಂದ ಇದು ನಮ್ಮ ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಯಲ್ಲಿದೆ.

ಈ ಮದ್ದನ್ನು ಕಲಿತು ಬಳಸುವ ಹಾದಿಯೂ ಇದೆ. ಎಂ.ಬಿ.ಬಿ.ಎಸ್. ನಂತರ ಮೂರು ವರ್ಷದ ಎಂ.ಡಿ. ಓದಿದವರು ಅರಿವಳಿಕೆ ತಜ್ಞರಾಗುತ್ತಾರೆ. ಅವರಿಗೆ ನೆರವಾಗುವ ತಂತ್ರಜ್ಞರಿಗೆ ಬಿ.ಎಸ್ಸಿ. ಪದವಿಯುಂಟು. ಜಿಲ್ಲಾ ಕೇಂದ್ರ ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ತ್ರೈರಾಶಿ, ದಶಮಾಂಶಗಳ ಲೆಕ್ಕ ಬೇಸರವೆನ್ನುವ ವಿದ್ಯಾರ್ಥಿಗಳು ಆ 0.6 ಮಿಲಿಲೀಟರನ್ನು ನೆನೆಯಲಿ. ಅಲ್ಲಿ ತಪ್ಪುವ ಒಂದು ಚುಕ್ಕೆ ಪರೀಕ್ಷೆಯ ಅಂಕವಲ್ಲ, ಮಗುವಿನ ಉಸಿರು.