ಒಲೆಂಟ್ಸೆರೊ: ಬಾಸ್ಕ್ ಜನರ ಹೇಮಂತೋತ್ಸವದಲ್ಲಿ ಒಂದು ಹೆಸರಿನ ಚರಿತ್ರೆ

೧

ಯೂರೋಪು ಖಂಡದ ಪಶ್ಚಿಮ ಭಾಗದಲ್ಲಿ, ಪಿರನೀಸ್ ಪರ್ವತಶ್ರೇಣಿಯು ಅಟ್ಲಾಂಟಿಕ್ ಸಾಗರವನ್ನು ಸಮೀಪಿಸುವ ಎಡೆಯಲ್ಲಿ, ಸ್ಪೇಯಿನ್ ಮತ್ತು ಫ್ರಾನ್ಸ್ ದೇಶಗಳ ಗಡಿಯ ಎರಡು ಪಕ್ಕಗಳಲ್ಲಿಯೂ ವಾಸವಾಗಿರುವ ಜನರಿಗೆ ಬಾಸ್ಕರೆಂದು ಹೆಸರು. ಇವರು ತಮ್ಮ ಭಾಷೆಯನ್ನು ಎವುಸ್ಕಾರ ಎಂದು ಕರೆಯುತ್ತಾರೆ. ಸುತ್ತಲಿನ ನುಡಿಗಳೆಲ್ಲವೂ ಲ್ಯಾಟಿನ್ನಿನಿಂದ ಹುಟ್ಟಿದುವಾಗಿರಲು, ಇದೊಂದು ಮಾತ್ರ ಇಂಡೋ-ಯೂರೋಪಿಯನ್ ವರ್ಗಕ್ಕೆ ಸೇರದೆ, ಪ್ರಪಂಚದ ಬೇರಾವ ಜೀವಂತ ಭಾಷೆಯೊಡನೆಯೂ ಸಂಬಂಧ ಸಿದ್ಧವಾಗದೆ, ಒಂಟಿಯಾಗಿ ನಿಂತಿದೆ. ಭಾಷೆಯು ಇಷ್ಟು ಪ್ರಾಚೀನವಾದುದರಿಂದ ಅದನ್ನಾಡುವವರ ಆಚಾರಗಳೂ ಅಷ್ಟೇ ಪ್ರಾಚೀನವಾಗಿರಬೇಕೆಂದು ಭಾವಿಸುವುದು ಸುಲಭ. ಆ ಭಾವನೆಯು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ಪರೀಕ್ಷಿಸುವುದಕ್ಕೆ ಒಲೆಂಟ್ಸೆರೊ ಎಂಬ ವ್ಯಕ್ತಿಗಿಂತ ಉತ್ತಮವಾದ ನಿದರ್ಶನವು ದೊರೆಯುವುದು ಕಷ್ಟ.

ಈಗಿನ ಬಾಸ್ಕ್ ನಾಡಿನ ಮಕ್ಕಳಿಗೆ ಒಲೆಂಟ್ಸೆರೊ ಎಂದರೆ ಡಿಸೆಂಬರ್ ೨೪ರ ರಾತ್ರಿ ಬೆಟ್ಟದಿಂದಿಳಿದು ಬಂದು ಉಡುಗೊರೆಗಳನ್ನಿಟ್ಟು ಹೋಗುವ ಇದ್ದಿಲುಗಾರ. ಮಸಿ ಹಿಡಿದ ಮುಖ, ತಲೆಯ ಮೇಲೆ ಚಪ್ಪಟೆಯಾದ ಬಾಸ್ಕ್ ಟೋಪಿ, ಬಾಯಲ್ಲಿ ಚುಂಗಾಣಿ, ಮುಂದಕ್ಕೆ ಬಂದ ಹೊಟ್ಟೆ, ಬೆನ್ನಿನ ಮೇಲೆ ಮೂಟೆ, ಇವು ಅವನ ಲಕ್ಷಣಗಳು. ಇವನು ಕ್ರೈಸ್ತಮತಕ್ಕಿಂತಲೂ ಹಿಂದಿನ ಸೂರ್ಯೋತ್ಸವದ ದೇವತೆಯೆಂದು ಕೆಲವರೂ, ಇತ್ತೀಚೆಗೆ ಕಟ್ಟಿದ ಬೊಂಬೆಯೆಂದು ಮತ್ತೆ ಕೆಲವರೂ ಹೇಳುತ್ತಾರೆ. ಎರಡು ಮಾತುಗಳಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವುಂಟು. ಯಾವ ಅಂಶವು ಯಾವ ಕಾಲದ್ದೆಂಬುದನ್ನು ಬೇರ್ಪಡಿಸಿ ನೋಡಿದಲ್ಲದೆ ಅದು ವಿಶದವಾಗುವುದಿಲ್ಲ.

೨

ಮೊದಲು ಹೆಸರನ್ನು ವಿಚಾರಿಸೋಣ. ಗಿಪುಸ್ಕೋವ ಪ್ರಾಂತದ ಲೋಪೆ ದೆ ಇಸಾಸ್ತಿ ಎಂಬ ಪಾದ್ರಿಯು ೧೬೨೫ರಲ್ಲಿ ಬರೆದು, ೧೮೫೦ರಲ್ಲಿ ಅಚ್ಚಾದ ತನ್ನ ಪ್ರಾಂತೇತಿಹಾಸದಲ್ಲಿ, ಕ್ರಿಸ್ಮಸ್ ಹಬ್ಬದ ಹಿಂದಿನ ರಾತ್ರಿಗೆ ‘ಒನೆನ್‌ಸರೊ’ ಎಂಬ ಹೆಸರಿದೆಯೆಂದು ತಿಳಿಸಿ, ಅದಕ್ಕೆ ‘ಒಳ್ಳೆಯವರ ಕಾಲ’ ಎಂಬರ್ಥವನ್ನು ಕೊಟ್ಟಿದ್ದಾನೆ. ಎವುಸ್ಕಾರದಲ್ಲಿ ‘ಒನ್’ ಎಂದರೆ ಒಳ್ಳೆಯ. ‘ಒನೆನ್’ ಎಂಬುದು ಅದರ ಬಹುವಚನದ ಷಷ್ಠೀರೂಪ. ‘ಆರೊ’ ಅಥವಾ ‘ಸರೊ’ ಎಂಬುದು ಕಾಲವಾಚಕ. ‘ಹೌರ್’ ಎಂದರೆ ಮಗು. ‘ಹೌರ್‌ತ್ಸರೊ’ ಎಂದರೆ ಬಾಲ್ಯಕಾಲ. ‘ಹಸಿ’ ಎಂದರೆ ಬೀಜ. ಬಿತ್ತನೆಯ ಕಾಲವಾದ ನವೆಂಬರ್ ತಿಂಗಳಿಗೆ ‘ಅಸಾರೊ’ ಎಂದು ಹೆಸರು. ಈ ಹಬ್ಬಕ್ಕೆ ಸಂಬಂಧಿಸಿದ ಇತರ ಪದಗಳೂ ಇದೇ ಜಾಡಿನವು: ಹಿಂದಿನ ರಾತ್ರಿಯು ‘ಗಾಬೊನ್’, ಎಂದರೆ ಒಳ್ಳೆಯ ಇರುಳು, ಹಬ್ಬವು ‘ಎಗುಬೆರ್ರಿ’, ಎಂದರೆ ಹೊಸ ಹಗಲು.

ಒನೆನ್‌ಸರೊ ಎಂಬುದರಲ್ಲಿ ಎರಡು ನಕಾರಗಳು ಹತ್ತಿರ ಹತ್ತಿರ ಬಂದಿರುವುದರಿಂದ ಮೊದಲನೆಯದು ಕೆಲವೆಡೆ ಲಕಾರವಾಗಿಯೂ ಕೆಲವೆಡೆ ರೇಫವಾಗಿಯೂ ಮಾರ್ಪಟ್ಟಿತು. ಆದುದರಿಂದಲೇ ಒಲೆಂಟ್ಸೆರೊ, ಒರೆಂಟ್ಸರೊ ಮುಂತಾದ ರೂಪಗಳು ಊರಿಂದೂರಿಗೆ ಭೇದವಾಗಿ ಕೇಳಬರುತ್ತವೆ. ಕ್ರಿಸ್ಮಸ್ಸಿಗೆ ಮುಂಚಿನ ಏಳು ಸಂಜೆಗಳಲ್ಲಿ ಇಗರ್ಜಿಗಳಲ್ಲಿ ಹಾಡುತ್ತಿದ್ದ, ‘ಓ’ ಎಂಬ ಸಂಬೋಧನೆಯಿಂದ ಮೊದಲಾಗುವ ಲ್ಯಾಟಿನ್ ಸ್ತೋತ್ರಗಳಿಂದ ಈ ಹೆಸರಿನ ಮೊದಲ ಭಾಗವು ಬಂದಿತೆಂದು ಮತ್ತೊಂದು ಮತವುಂಟು. ಈ ಎರಡು ಮತಗಳಲ್ಲಿ ಯಾವುದನ್ನು ಹಿಡಿದರೂ ಒಂದಂಶವು ಸ್ಥಿರವಾಗಿ ನಿಲ್ಲುತ್ತದೆ: ಒಲೆಂಟ್ಸೆರೊ ಎಂಬುದು ಮೊದಲಿಗೆ ವ್ಯಕ್ತಿಯ ಹೆಸರಲ್ಲ, ಕಾಲದ ಹೆಸರು. ಇದ್ದಿಲುಗಾರನಾಗಲಿ ದೇವತೆಯಾಗಲಿ ಇಸಾಸ್ತಿಯ ಉಲ್ಲೇಖದಲ್ಲಿ ಕಾಣಬರುವುದಿಲ್ಲ.

೩

ಕಾಲದ ಹೆಸರು ವ್ಯಕ್ತಿಯ ಹೆಸರಾದುದು ಹೇಗೆ? ಇದಕ್ಕೆ ಒಲೆಯ ಬಳಿಯಲ್ಲಿಯೇ ಉತ್ತರವಿದೆ. ಆ ರಾತ್ರಿ ಮನೆಯ ಒಲೆಯಲ್ಲಿ ಒಂದು ದೊಡ್ಡ ಮರದ ಕೊರಡನ್ನು ಉರಿಸುವ ಪದ್ಧತಿಯು ಬಾಸ್ಕ್ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದಿತು. ಕೊರಡಿಗೆ ಕೆಲವು ಊರುಗಳಲ್ಲಿ ಗಾಬೊನ್ ಎಂಬ ಪದವನ್ನು ಸೇರಿಸಿದ ಹೆಸರೂ, ಒಯಾರ್ತ್ಸುನ್ ಮುಂತಾದೆಡೆಗಳಲ್ಲಿ ‘ಒಲೆಂಟ್ಸೆರೊ ಕೊರಡು’ ಎಂಬರ್ಥದ ಹೆಸರೂ ಬಳಕೆಯಲ್ಲಿದ್ದುವು. ಅದರ ಉರಿಗೂ ಬೂದಿಗೂ ರಕ್ಷಣಶಕ್ತಿಯುಂಟೆಂಬುದು ಜನರ ನಂಬಿಕೆ. ದನಕರುಗಳಿಗೆ ರೋಗ ತಗುಲದಿರಲೆಂದು ಅವನ್ನು ಆ ಕೊರಡಿನ ಮೇಲೆ ದಾಟಿಸುತ್ತಿದ್ದುದೂ ಉಂಟು. ಸೂರ್ಯನು ದಕ್ಷಿಣದ ಪರಮಾವಧಿಯನ್ನು ಮುಟ್ಟಿ ಹಿಂದಿರುಗುವ ಈ ದಿನಗಳಲ್ಲಿ ಹಗಲು ಅತ್ಯಲ್ಪವಾಗಿಯೂ ಇರುಳು ಅತಿ ದೀರ್ಘವಾಗಿಯೂ ಇರುವುದರಿಂದ ಬೆಂಕಿಗೆ ಇಂಥ ಮಹತ್ತ್ವವು ಬಂದುದು ಸಹಜವೇ. ಆದರೆ ಈ ಆಚಾರವು ಬಾಸ್ಕರಿಗೇ ವಿಶಿಷ್ಟವಾದುದೆಂದು ತಿಳಿಯಬಾರದು. ಇಂಗ್ಲೆಂಡ್, ಪ್ರೊವೆನ್ಸ್, ಕಟಲೋನಿಯಗಳಲ್ಲಿಯೂ ಇದೇ ಬಗೆಯ ಕೊರಡುಗಳಿದ್ದುವು. ಪ್ರಾಚೀನವೆನ್ನಬಹುದಾದ ಅಂಶವು ಇದು. ಇದು ಯೂರೋಪಿನ ಬಹುಭಾಗದ ಸಮಾನ ಸೊತ್ತು.

ರಾತ್ರಿಯ ಹೆಸರು ಕೊರಡಿಗೆ ಬಂದಿತು. ಅದೇ ಹೆಸರು ಒಲೆಯ ಮೇಲಿನ ಹೊಗೆಗೂಡಿನಿಂದ ಇಳಿಯುವ ಅತಿಥಿಗೂ ಸಂದಿತು. ಒಲೆಯ ಬೆಂಕಿ ಆರಿದರೆ ಒಲೆಂಟ್ಸೆರೊ ಕುಡುಗೋಲನ್ನು ಹಿಡಿದು ಹೊಗೆಗೂಡಿನಿಂದ ಇಳಿದು ಬಂದು ಮನೆಯವರನ್ನು ಕೊಲ್ಲುವನೆಂದು ಕೆಲವು ಹಳ್ಳಿಗಳಲ್ಲಿ ಹೆದರಿಸುತ್ತಿದ್ದರು. ಬೇಗನೆ ಮಲಗದ ಮಕ್ಕಳಿಗೂ ಇದೇ ಬೆದರಿಕೆ. ಅವನ ಕಣ್ಣುಗಳು ಕೆಂಪಗಿರುವುವೆಂದು ಹೇಳುವರು. ವರ್ಷದ ದಿನಗಳೆಷ್ಟೋ ಅದಕ್ಕಿಂತ ಒಂದು ಹೆಚ್ಚು ಕಣ್ಣುಗಳು ಅವನಿಗುಂಟೆಂದೂ ಒಂದು ಹೇಳಿಕೆಯಿದೆ. ಈ ಹೇಳಿಕೆಯನ್ನು ಗಮನಿಸಿದರೆ, ವ್ಯಕ್ತಿಯಾದ ಮೇಲೂ ಅವನು ಕಾಲದ ಸಂಬಂಧವನ್ನು ಬಿಟ್ಟಿಲ್ಲವೆಂಬುದು ಗೊತ್ತಾಗುತ್ತದೆ.

ನವಾರ್ರಾ ಪ್ರಾಂತದ ಲೆಸಾಕ, ಬೆರ ಮುಂತಾದ ಊರುಗಳಲ್ಲಿ ಇವನ ಬೊಂಬೆಯನ್ನು ಮಾಡಿ, ಹುಡುಗರು ಹೆಗಲ ಮೇಲೆ ಹೊತ್ತು ಮನೆಮನೆಗೂ ಹೋಗಿ ಹಾಡಿ, ಮೊಟ್ಟೆಗಳನ್ನೋ ಹಣವನ್ನೋ ಬೇಡಿ ಪಡೆಯುತ್ತಿದ್ದರು. ಕೆಲವೆಡೆಗಳಲ್ಲಿ ಕೊನೆಗೆ ಹುಲ್ಲಿನ ಬೊಂಬೆಯನ್ನು ಸುಡುವುದೂ ಉಂಟು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ಪದ್ಧತಿಯಲ್ಲಿ ಒಲೆಂಟ್ಸೆರೊ ಕೊಡುವವನಲ್ಲ. ಅವನ ಹೆಸರಿನಲ್ಲಿ ಬೇಡುವುದು ನಡೆಯುತ್ತಿತ್ತು. ಹಾಡುಗಳೂ ಅವನನ್ನು ದಾತನೆಂದು ಹೊಗಳದೆ, ಹೊಟ್ಟೆಬಾಕನೆಂದೂ ಕುಡುಕನೆಂದೂ ಹಾಸ್ಯಮಾಡುತ್ತವೆ.

೪

ಇವನಿಗೆ ಇದ್ದಿಲುಗಾರನ ವೇಷವು ಬಂದುದಕ್ಕೆ ನಾಡಿನ ಕಸುಬುಗಳಲ್ಲಿ ಕಾರಣವನ್ನು ಹುಡುಕಬೇಕು. ಬಾಸ್ಕ್ ನಾಡು ಕಬ್ಬಿಣದ ಅದಿರಿಗೆ ಪ್ರಸಿದ್ಧವಾದುದು. ಮಧ್ಯಯುಗದಿಂದಲೂ ಅಲ್ಲಿನ ಹೊಳೆಗಳ ದಡದಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳಿದ್ದು, ಅವಕ್ಕೆ ಬೇಕಾದ ಇದ್ದಿಲು ಬೆಟ್ಟದ ಕಾಡುಗಳಿಂದ ಬರುತ್ತಿತ್ತು. ಸೌದೆಯನ್ನು ಗೋಪುರಾಕಾರವಾಗಿ ಒಟ್ಟಿ, ಎಲೆಯಿಂದಲೂ ಮಣ್ಣಿನಿಂದಲೂ ಮುಚ್ಚಿ, ಗಾಳಿಯು ಹೆಚ್ಚಾಗಿ ಒಳಹೋಗದಂತೆ ನೋಡಿಕೊಂಡು, ಅನೇಕ ದಿನಗಳವರೆಗೆ ಮೆಲ್ಲಗೆ ಬೇಯಿಸಬೇಕು. ಎಲ್ಲಿಯಾದರೂ ಬಿರುಕು ಬಿಟ್ಟರೆ ಒಳಗಿನ ಸೌದೆಯು ಧಗ್ಗನೆ ಉರಿದು ಬೂದಿಯಾಗುವುದು. ಆದುದರಿಂದ ಇದ್ದಿಲುಗಾರನು ಹಗಲಿರುಳೂ ಅದರ ಬಳಿಯಲ್ಲಿಯೇ ಇದ್ದು ಕಾಯುವನು. ಹೀಗೆ ತಿಂಗಳುಗಟ್ಟಲೆ ಕಾಡಿನಲ್ಲಿದ್ದು, ಹೊಗೆಯಿಂದ ಕಣ್ಣು ಕೆಂಪಾಗಿ, ಮುಖ ಮಸಿಯಾಗಿ, ಹಬ್ಬಕ್ಕೆ ಊರಿಗಿಳಿಯುವ ಮನುಷ್ಯನು ಮಕ್ಕಳಿಗೆ ಭಯವನ್ನೂ ಕುತೂಹಲವನ್ನೂ ಉಂಟುಮಾಡುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಹೊಗೆಗೂಡಿನಿಂದಿಳಿಯುವ ಕೆಂಗಣ್ಣಿನವನೂ ಬೆಟ್ಟದಿಂದಿಳಿಯುವ ಕೆಂಗಣ್ಣಿನವನೂ ಒಬ್ಬನೇ ಆಗಿ ಬೆರೆತುಹೋದರೆಂದು ಊಹಿಸುವುದು ಯುಕ್ತವಾಗಿ ತೋರುತ್ತದೆ.

೫

ಇವನೊಡನೆ ಈಗ ಸೇರಿಕೊಂಡಿರುವ ಮತ್ತೊಂದು ಕಥೆಯಿದೆ. ಬೆಟ್ಟಗಳಲ್ಲಿ ‘ಜೆಂಟಿಲ್’ಗಳೆಂಬ ಮಹಾಕಾಯರು ವಾಸವಾಗಿದ್ದರಂತೆ, ಈ ಪದಕ್ಕೆ ಕ್ರೈಸ್ತರಲ್ಲದವರೆಂದು ಅರ್ಥ. ಒಂದು ದಿನ ಆಕಾಶದಲ್ಲಿ ಅಪೂರ್ವವಾದ ಬೆಳಕು ಕಾಣಿಸಿತು. ಅದೇನೆಂದು ತಿಳಿಯದೆ, ಕಣ್ಣು ಮಂಜಾಗಿದ್ದ ತಮ್ಮ ವೃದ್ಧನೊಬ್ಬನನ್ನು ಹೊರಕ್ಕೆ ತಂದು, ಅವನ ರೆಪ್ಪೆಗಳನ್ನು ಎತ್ತಿಹಿಡಿದು ತೋರಿಸಿದರು. ಅವನು ಅದನ್ನು ಕಂಡು, ಕಿಶ್ಮಿ ಹುಟ್ಟಿದನೆಂದೂ ತಮ್ಮ ಕಾಲವು ಮುಗಿಯಿತೆಂದೂ ಹೇಳಿ, ತನ್ನನ್ನು ಬಂಡೆಯ ಮೇಲಿಂದ ಕೆಳಕ್ಕೆ ತಳ್ಳಿಬಿಡಿರೆಂದು ಬೇಡಿಕೊಂಡನು. ಕಿಶ್ಮಿ ಎಂಬುದು ಅವರು ಕ್ರಿಸ್ತನಿಗೆ ಇಟ್ಟ ಅಡ್ಡಹೆಸರು. ಹಾಗೆಯೇ ಮಾಡಿ ಜೆಂಟಿಲ್ಲರು ಓಡಿಹೋಗಿ ಅರಲಾರ್ ಪರ್ವತದಲ್ಲಿ ಒಂದು ಕಲ್ಗೋರಿಯ ಕೆಳಗೆ ಮರೆಯಾದರು. ನಮ್ಮ ಜನರು ಮೋರಿಯರ ಮನೆಗಳೆಂದು ಕರೆಯುವಂಥ ಪ್ರಾಚೀನ ಶಿಲಾಸಮಾಧಿ ಅದು. ಅದಕ್ಕೆ ‘ಜೆಂಟಿಲ್ಲರ ಕಲ್ಲು’ ಎಂದೇ ಹೆಸರು.

ಈ ಕಥೆಯನ್ನು ಅತೌನ್ ಗ್ರಾಮದಲ್ಲಿ ಬರೆದುಕೊಂಡವರು ಅದೇ ಊರಿನವರಾದ ಹೋಸೆ ಮಿಗೆಲ್ ದೆ ಬರಾಂದಿಯಾರಾನ್ (೧೮೮೯–೧೯೯೧). ಪಾದ್ರಿಗಳೂ ಪುರಾತತ್ತ್ವಜ್ಞರೂ ಆಗಿದ್ದ ಇವರು, ಎವುಸ್ಕಾರ ಅಕಾಡೆಮಿಯ ಪ್ರಥಮಾಧ್ಯಕ್ಷರಾದ ಅಸ್ಕೂವೆ (೧೮೬೪–೧೯೫೧), ೧೯೪೬ರಲ್ಲಿ ಒಲೆಂಟ್ಸೆರೊವನ್ನು ಕುರಿತೇ ಪ್ರಬಂಧವನ್ನು ಪ್ರಕಟಿಸಿದ ಹೂಲಿಯೊ ಕಾರೊ ಬರೋಹಾ (೧೯೧೪–೧೯೯೫), ಈ ಮೂವರ ಪರಿಶ್ರಮವು ಇಲ್ಲದಿದ್ದರೆ ನಮ್ಮ ವಿಚಾರಕ್ಕೆ ಸಾಮಗ್ರಿಯೇ ದೊರೆಯುತ್ತಿರಲಿಲ್ಲ. ಒಲೆಂಟ್ಸೆರೊ ಉಳಿದುಕೊಂಡ ಕೊನೆಯ ಜೆಂಟಿಲ್ ಎಂದೂ, ಕ್ರಿಸ್ತಜನನದ ವಾರ್ತೆಯನ್ನು ಕಣಿವೆಗೆ ತಂದವನೆಂದೂ ಈಗ ಹೇಳುವರಾದರೂ, ಮೂಲಕಥೆಯು ಅವನಿಲ್ಲದೆಯೇ ಪೂರ್ಣವಾಗಿದೆಯೆಂಬುದನ್ನು ಓದುಗರು ಮರೆಯಬಾರದು.

೬

ಉಡುಗೊರೆ ತರುವ ಒಲೆಂಟ್ಸೆರೊ ಇಪ್ಪತ್ತನೆಯ ಶತಮಾನದವನು. ಸ್ಪೇಯಿನ್ನಿನಲ್ಲಿ ಮಕ್ಕಳಿಗೆ ಉಡುಗೊರೆ ತರುವವರೆಂದು ಪ್ರಸಿದ್ಧರಾದವರು ಜನವರಿ ೬ರಂದು ಬರುವ ಪೂರ್ವದೇಶದ ಮೂವರು ಅರಸರು. ೧೯೩೬ರಿಂದ ೧೯೩೯ರವರೆಗೆ ನಡೆದ ಅಂತರ್ಯುದ್ಧದ ಬಳಿಕ ಫ್ರಾಂಕೋವಿನ ಆಡಳಿತದಲ್ಲಿ ಎವುಸ್ಕಾರಕ್ಕೆ ಶಾಲೆಯಲ್ಲಿಯೂ ಸಾರ್ವಜನಿಕ ವ್ಯವಹಾರದಲ್ಲಿಯೂ ಎಡೆಯಿಲ್ಲದಂತಾಯಿತು. ಇಂಥ ಕಾಲದಲ್ಲಿ, ೧೯೫೦ರ ದಶಕದಲ್ಲಿ, ಗಿಪುಸ್ಕೋವದ ಸರೌತ್ಸ್ ಪಟ್ಟಣದ ಉತ್ಸಾಹಿಗಳು ಈ ಬೊಂಬೆಯ ಮೆರವಣಿಗೆಯನ್ನು ಹೊಸದಾಗಿ ಆರಂಭಿಸಿದರು. ಭಯಂಕರವಾದ ಅಂಶಗಳು ಕ್ರಮೇಣ ಜಾರಿಹೋದುವು. ಕುಡುಗೋಲಿನ ಎಡೆಗೆ ಉಡುಗೊರೆಯ ಮೂಟೆ ಬಂದಿತು. ಎವುಸ್ಕಾರದಲ್ಲಿ ಪಾಠ ಹೇಳುವ ‘ಇಕಾಸ್ತೊಲ’ ಎಂಬ ಶಾಲೆಗಳು ಇವನನ್ನು ತಮ್ಮವನನ್ನಾಗಿ ಮಾಡಿಕೊಂಡುವು. ೧೯೭೫ರಲ್ಲಿ ಫ್ರಾಂಕೋ ಮೃತನಾದ ತರುವಾಯ, ಹಿಂದೆ ಕೆಲವು ಕಣಿವೆಗಳಿಗೆ ಮಾತ್ರ ಸೇರಿದ್ದ ಒಲೆಂಟ್ಸೆರೊ ಬಾಸ್ಕ್ ನಾಡಿನಲ್ಲೆಲ್ಲಾ ಹರಡಿದನು. ೧೯೯೦ರ ದಶಕದಿಂದೀಚೆಗೆ, ಹಳೆಯ ಹಾಡೊಂದರಲ್ಲಿ ಬರುವ ಮಾರಿ ದೊಮಿಂಗಿ ಎಂಬ ಹೆಂಗಸು ಅವನ ಜೊತೆಗಾತಿಯಾಗಿ ಮೆರವಣಿಗೆಗಳಲ್ಲಿ ಕಾಣಿಸಿಕೊಳ್ಳುತ್ತಾಳೆ.

ಮೇಲಿನ ವಿಚಾರದಿಂದ ನಿಷ್ಪನ್ನವಾಗುವುದೇನೆಂದರೆ: ದೀರ್ಘರಾತ್ರಿಯ ಬೆಂಕಿ ಹಳೆಯದು, ಆದರೆ ಅದು ಬಾಸ್ಕರೊಬ್ಬರದೇ ಅಲ್ಲ, ಹೆಸರು ಹದಿನೇಳನೆಯ ಶತಮಾನದಲ್ಲಿಯೇ ಲಿಖಿತವಾಗಿದೆ, ಆದರೆ ಅದು ಆಗ ಒಂದು ರಾತ್ರಿಯ ಹೆಸರು, ಇದ್ದಿಲುಗಾರನು ನಾಡಿನ ಕಸುಬಿನಿಂದ ಬಂದವನು, ದಾತನು ಈಚಿನವನು. ಎಲ್ಲವನ್ನೂ ಒಂದೇ ಆದಿಕಾಲಕ್ಕೆ ಏರಿಸುವುದು ಹೇಗೆ ಸಾಧುವಲ್ಲವೋ, ಕೊನೆಯದು ಹೊಸದೆಂಬ ಕಾರಣದಿಂದ ಸಮಸ್ತವನ್ನೂ ಕಲ್ಪಿತವೆಂದು ತಳ್ಳಿಹಾಕುವುದೂ ಹಾಗೆಯೇ ಸಾಧುವಲ್ಲ. ಹೊಸ ಪಾತ್ರವನ್ನು ಕಟ್ಟಿದವರು ಅದಕ್ಕೆ ಬೇಕಾದ ಹೆಸರನ್ನೂ ವೇಷವನ್ನೂ ಹಾಡನ್ನೂ ತಮ್ಮ ಹಳ್ಳಿಗಳಿಂದಲೇ ತೆಗೆದುಕೊಂಡರು. ಅಡಗಿಹೋಗುತ್ತಿದ್ದ ನುಡಿಯನ್ನು ಮಕ್ಕಳ ಬಾಯಲ್ಲಿ ನಿಲ್ಲಿಸುವುದಕ್ಕೆ ಅದನ್ನು ಬಳಸಿಕೊಂಡರು. ಜಾನಪದವನ್ನು ಬೋಧಿಸುವವರು ಒಂದೊಂದು ಅಂಶಕ್ಕೂ ಅದರದರ ಕಾಲವನ್ನೂ ಊರನ್ನೂ ಗುರುತಿಸಿ ಹೇಳಿದರೆ, ವಿಷಯದ ಗೌರವಕ್ಕೆ ಕುಂದು ಬಾರದೆ ವಿದ್ಯಾರ್ಥಿಗಳ ವಿವೇಚನೆಯೂ ಬೆಳೆಯುವುದು.